ಹೊಲಿಗೆ ಯಂತ್ರದ ದೀಪ, ಕುರ್ಚಿಯ ಮೇಲಿನ ಶಾಲು

ಹದಿನಾಲ್ಕು ವರ್ಷ ನಾನು ಶಾಲು ಹೊದ್ದುಕೊಂಡೇ ಕರೆಂಟ್ ಬಿಲ್ಲಿಗೆ ಸಹಿ ಹಾಕಿದೆ. ಬೆಂಗಳೂರಿನ ಒಂದು ಖಾಸಗಿ ಕಚೇರಿಯ ಆಡಳಿತ ವಿಭಾಗ ನನ್ನದು. ಬಾಡಿಗೆ, ನೀರು, ಲಿಫ್ಟು, ಜನರೇಟರಿನ ಡೀಸೆಲ್, ಕರೆಂಟು ಎಲ್ಲದರ ಬಿಲ್ಲೂ ನನ್ನ ಮೇಜಿನ ಮೇಲೆ ಹಾದೇ ಹೋಗಬೇಕು. ಆ ಮೇಜು ಇದ್ದದ್ದು ಏಸಿಯ ನೇರ ಕೆಳಗೆ. ಹೊರಗೆ ಏಪ್ರಿಲ್ ತಿಂಗಳ ರಣಬಿಸಿಲು. ಒಳಗೆ ನಾನು ಕಾಲಿಗೆ ಸಾಕ್ಸು, ಹೆಗಲಿಗೆ ಉಣ್ಣೆಯ ಶಾಲು. ಬಿಲ್ಲು ಯಾಕೆ ಇಷ್ಟು ಬಂತೆಂದು ಮೇಲಿನವರು ಕೇಳಿದರೆ "ಬೇಸಿಗೆ ಅಲ್ವಾ ಸಾರ್" ಎನ್ನುತ್ತಿದ್ದೆ. ಅವರೂ ಹೌದೆನ್ನುತ್ತಿದ್ದರು. ಹೊದ್ದ ಶಾಲಿಗೂ ಹಾಕಿದ ಸಹಿಗೂ ನಂಟಿದೆ ಎನ್ನುವುದು ಆ ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ನನಗೆ ಅದು ಹೊಳೆದದ್ದು ಗಾರ್ಮೆಂಟ್ಸ್ ಕಾರ್ಖಾನೆಗಳ ಕುರಿತ ಒಂದು ಅಧ್ಯಯನ ಓದಿದಾಗ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಮುತ್ತಲ ಕಾರ್ಖಾನೆಗಳ ಲೆಕ್ಕಪುಸ್ತಕ ಇಟ್ಟುಕೊಂಡು ಮಾಡಿ, 2020ರಲ್ಲಿ ಪ್ರಕಟಿಸಿದ ಅಧ್ಯಯನವದು. ಆ ಕಾರ್ಖಾನೆಗಳ ಒಳಗು ನಮ್ಮಲ್ಲಿ ಬಹಳ ಮನೆಗಳಿಗೆ ಗೊತ್ತು. ರಾಮನಗರ, ಮದ್ದೂರು ಕಡೆಯಿಂದ ನಸುಕಿನಲ್ಲೇ ಬಸ್ಸು ಹತ್ತುವ ಹೆಣ್ಣುಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಸಾಲು ಸಾಲು ಹೊಲಿಗೆ ಯಂತ್ರ, ಲೈನಿಗೊಬ್ಬ ಸೂಪರ್‌ವೈಸರ್, ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್. ನೂರಾರು ಜನರ ಮೈಯ ಬಿಸಿ, ಇಸ್ತ್ರಿಯ ಹಬೆ, ಮೋಟಾರಿನ ಬಿಸಿ, ಇವುಗಳ ಜೊತೆಗೆ ದೀಪಗಳ ಬಿಸಿ.

ಅರ್ಥಶಾಸ್ತ್ರಜ್ಞರು ಪ್ರತಿ ಲೈನಿನ ದಿನದಿನದ ಉತ್ಪಾದನೆಯನ್ನು ಆಯಾ ದಿನದ ಹವಾಮಾನದ ಪಕ್ಕ ಇಟ್ಟು ನೋಡಿದರು. ಧಗೆ ಏರಿದ ದಿನ ಪೀಸುಗಳು ಇಳಿದಿದ್ದವು. ಧಗೆ ಹೆಚ್ಚಿದಷ್ಟೂ ಇಳಿತವೂ ಕಡಿದಾಗಿತ್ತು. ಈ ನಡುವೆ ಆ ಕಾರ್ಖಾನೆಗಳಲ್ಲಿ ಹಳೆಯ ದೀಪ ತೆಗೆದು ಎಲ್‌ಇಡಿ ಹಾಕುವ ಕೆಲಸ ನಡೆದಿತ್ತು. ಹಾಕಿದ್ದು ಕರೆಂಟ್ ಉಳಿಯಲೆಂದು. ಆದರೆ ಎಲ್‌ಇಡಿ ಬಂದ ಮೇಲೆ ಬಿಸಿ ದಿನಗಳ ಉತ್ಪಾದನೆಯೂ ಏರಿತು. ದೀಪದ ಬಿಸಿ ತಗ್ಗಿದ್ದಷ್ಟೇ ಅಲ್ಲಿ ಆದ ಬದಲಾವಣೆ. ಸರಾಸರಿ ಒಂದು ಕಾರ್ಖಾನೆಗೆ ಕರೆಂಟಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್; ಹೆಚ್ಚಿದ ಉತ್ಪಾದನೆಯಿಂದ ಬಂದದ್ದು ಸುಮಾರು 7,500 ಡಾಲರ್. ದೀಪಕ್ಕೆ ಹಾಕಿದ ಬಂಡವಾಳ ಕರೆಂಟಿನ ಉಳಿತಾಯದಿಂದಷ್ಟೇ ಮರಳಲು ಬೇಕಾಗುತ್ತಿದ್ದ ಕಾಲದ ಮೂರನೇ ಒಂದು ಪಾಲಿಗಿಂತ ಕಡಿಮೆ ಅವಧಿಯಲ್ಲಿ ವಾಪಸು ಬಂತು.

ಈ ಎರಡು ಅಂಕಿಗಳನ್ನು ನಾನು ಮತ್ತೆ ಮತ್ತೆ ಓದಿದೆ. ನನ್ನ ಲೆಕ್ಕದಲ್ಲಿ ಮೊದಲನೆಯದಕ್ಕೆ ಮಾತ್ರ ಕಾಲಂ ಇತ್ತು. ಎರಡನೆಯದು, ಕೂತವರ ಮೈಗೆ ಹಿತವಾಗಿದ್ದರಿಂದ ಕೈ ಚುರುಕಾದ ಲೆಕ್ಕ, ಎಲ್ಲಿಯೂ ಬರೆದಿರಲಿಲ್ಲ. ಗಾರ್ಮೆಂಟ್ಸಿನವರಿಗೆ ಧಗೆ, ನನಗೆ ಚಳಿ. ಎರಡರಲ್ಲೂ ಹಣ ಪೋಲಾಗುತ್ತಿದ್ದದ್ದು ಒಂದೇ ಕಾರಣಕ್ಕೆ: ಕುರ್ಚಿಯಲ್ಲಿ ಕೂತವರನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಕೇಳಿದೆ. ಅದಕ್ಕೂ ಮೊದಲು ಐದಾರು ಸಣ್ಣ ಥರ್ಮಾಮೀಟರ್ ತರಿಸಿ ಕಚೇರಿಯ ಬೇರೆಬೇರೆ ಮೂಲೆಗೆ ತೂಗುಹಾಕಿದೆ. ಒಂದೇ ಹಾಲಿನಲ್ಲಿ, ಒಂದೇ ಹೊತ್ತಿನಲ್ಲಿ, ಏಸಿಯ ಕೆಳಗಿನ ಮೇಜಿಗೂ ಪಶ್ಚಿಮದ ಗಾಜಿನ ಪಕ್ಕದ ಮೇಜಿಗೂ ಆರು ಡಿಗ್ರಿ ಅಂತರ! ಗಾಜಿನ ಪಕ್ಕದವರು ಸೆಕೆ ತಡೆಯಲಾರದೆ ರಿಮೋಟ್ ತೆಗೆದುಕೊಂಡು 18ಕ್ಕೆ ಇಳಿಸುವರು. ಇತ್ತ ಏಸಿಯ ಕೆಳಗಿನವರು ನಡುಗುವರು. ರಿಮೋಟಿಗಾಗಿ ನಡೆಯುತ್ತಿದ್ದ ಮುನಿಸುಗಳನ್ನು ನಾನು ಸ್ವಭಾವದ ಜಗಳವೆಂದೇ ತಿಳಿದಿದ್ದೆ. ಅದು ಗೋಡೆಯ ಜಗಳ. ಪಶ್ಚಿಮದ ಗಾಜಿಗೆ ಹೊರಗಿನಿಂದ ನೆರಳಿರಲಿಲ್ಲ.

ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಇನ್ನೊಂದು ಮಾತು ಹೇಳಿದ. "ಮೇಡಂ, ನಮ್ಮ ಹಳೇ ಏಸಿಗಳನ್ನ ಹದಿನೆಂಟಕ್ಕೆ ಇಟ್ರೂ ಇಪ್ಪತ್ನಾಲ್ಕಕ್ಕೆ ಇಟ್ರೂ ತಣ್ಣಗಾಗೋ ವೇಗ ಒಂದೇ. ಹದಿನೆಂಟಕ್ಕೆ ಇಟ್ರೆ ನಿಲ್ಲೋದೇ ಇಲ್ಲ, ಅಷ್ಟೇ." ಇನ್ವರ್ಟರ್ ಇಲ್ಲದ ಹಳೆಯ ಏಸಿಯ ಕಂಪ್ರೆಸರ್ ಓಡಿದರೆ ಪೂರ್ತಿ ಓಡುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಬೇಗ ತಂಪಾಗಲೆಂದು ಅಂಕಿ ಇಳಿಸುವವರು ಕೊಳ್ಳುವುದು ವೇಗವನ್ನಲ್ಲ, ಆಮೇಲಿನ ನಡುಕವನ್ನು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಹೇಳುವ ಪ್ರಕಾರ ಏಸಿಯ ಅಂಕಿಯನ್ನು ಒಂದು ಡಿಗ್ರಿ ಏರಿಸಿದರೆ ಕರೆಂಟ್ ಖರ್ಚು ಸುಮಾರು ಶೇ 6ರಷ್ಟು ಇಳಿಯುತ್ತದೆ. 20ರಿಂದ 24ಕ್ಕೆ ಬಂದರೆ ಹತ್ತಿರ ಹತ್ತಿರ ಕಾಲು ಭಾಗ. 2020ರ ಜನವರಿಯಿಂದ ಸ್ಟಾರ್ ಗುರುತಿನ ಕೋಣೆ ಏಸಿಗಳು ಕಾರ್ಖಾನೆಯಿಂದಲೇ 24ಕ್ಕೆ ಹೊಂದಿಸಿಕೊಂಡು ಬರಬೇಕೆಂಬ ನಿಯಮವೂ ಜಾರಿಯಾಯಿತು. ಆದರೂ ನಮ್ಮ ಬೆರಳು ಇಳಿಯುವ ಬಾಣದ ಗುರುತನ್ನೇ ಒತ್ತುತ್ತದೆ.

ಕಚೇರಿ ಎಂದರೆ ತಣ್ಣಗಿರಬೇಕು ಎಂಬುದು ನಮಗೆ ಎಲ್ಲಿಂದ ಬಂತು? ಹುಡುಕುತ್ತ ಹೋದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಯುವ ಎಂಜಿನಿಯರ್ ಆಧುನಿಕ ಏಸಿಯ ಮೊದಲ ನಕ್ಷೆ ಬರೆದದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅಂದರೆ ಮೊದಲ ಏಸಿಯ ಫಲಾನುಭವಿ ಕಾಗದ. ಮನುಷ್ಯನ ಸರದಿ ಆಮೇಲೆ. ಮನುಷ್ಯನಿಗೆ ಎಷ್ಟು ಹಿತ ಎಂಬ ಸೂತ್ರವನ್ನು ಡೆನ್ಮಾರ್ಕಿನ ಪೋವ್ಲ್ ಓಲೆ ಫಾಂಗರ್ 1970ರ ಹೊತ್ತಿಗೆ ಕಟ್ಟಿಕೊಟ್ಟರು. ಗಾಳಿಯ ಉಷ್ಣತೆ, ತೇವ, ವೇಗ, ಸುತ್ತಲಿನ ಗೋಡೆಗಳ ಬಿಸಿ, ತೊಟ್ಟ ಬಟ್ಟೆ, ಮೈಯ ಶ್ರಮ ಈ ಆರನ್ನೂ ಕೂಡಿಸಿದ ಆ ಸೂತ್ರ ದೊಡ್ಡ ಸಾಧನೆಯೇ. ಜಗತ್ತಿನ ಕಚೇರಿಗಳೆಲ್ಲ ಅದನ್ನು ಆಧಾರವಾಗಿ ಹಿಡಿದವು. ಆದರೆ 2015ರಲ್ಲಿ ಬೋರಿಸ್ ಕಿಂಗ್ಮಾ ಮತ್ತು ವೌಟರ್ ವಾನ್ ಮಾರ್ಕೆನ್ ಲಿಖ್ಟೆನ್‌ಬೆಲ್ಟ್ ಎಂಬ ನೆದರ್‌ಲೆಂಡ್ಸಿನ ವಿಜ್ಞಾನಿಗಳು ಒಂದು ಕೊರತೆಯನ್ನು ಎತ್ತಿ ತೋರಿಸಿದರು: ಮಾನದಂಡಗಳಲ್ಲಿ ಬಳಸುವ 'ಮೈಯ ಶ್ರಮ'ದ ಬೆಲೆ ಸರಾಸರಿ ಗಂಡಸಿನದು, ಹೆಂಗಸರ ಮೈ ಹುಟ್ಟಿಸುವ ಬಿಸಿಯನ್ನು ಅದು ಇದ್ದುದಕ್ಕಿಂತ ಹೆಚ್ಚೆಂದು ಎಣಿಸುತ್ತದೆ. ಅದನ್ನು ಓದಿದ ದಿನ ನಮ್ಮ ಕಚೇರಿಯಲ್ಲಿ ಶಾಲು, ಸ್ವೆಟರ್ ಇದ್ದ ಕುರ್ಚಿಗಳನ್ನು ಎಣಿಸಿದೆ. ಎಲ್ಲವೂ ಹೆಂಗಸರವೇ.

ಬಟ್ಟೆಯ ವಿಷಯದಲ್ಲೂ ಅಷ್ಟೇ. ಕೋಟು, ಟೈ, ಬೂಟು ತೊಟ್ಟವರಿಗೆ ಸರಿಹೊಂದುವ ತಂಪು ಹತ್ತಿಯ ಅಂಗಿಯವರಿಗೆ ಚಳಿ. ಜಪಾನಿನ ಸರ್ಕಾರ 2005ರ ಬೇಸಿಗೆಯಲ್ಲಿ ಇದನ್ನು ನೇರವಾಗಿ ಕೈಗೆತ್ತಿಕೊಂಡಿತು. ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ ಆರಂಭಿಸಿದ 'ಕೂಲ್ ಬಿಜ್' ಅಭಿಯಾನದಲ್ಲಿ ಕಚೇರಿಗಳ ಏಸಿ 28 ಡಿಗ್ರಿಗೆ, ಕೋಟು ಟೈ ಮನೆಗೆ. ಪ್ರಧಾನಿ ಜುನಿಚಿರೊ ಕೊಯಿಜುಮಿ ತಾವೇ ಟೈ ಬಿಚ್ಚಿ ಕಾಣಿಸಿಕೊಂಡರು. ಹಿರಿಯರೇ ಬಿಚ್ಚದಿದ್ದರೆ ಕಿರಿಯರಿಗೆ ಧೈರ್ಯ ಬರುವುದಿಲ್ಲ. ಆ ದೇಶದಲ್ಲಿ ಮಾತ್ರವಲ್ಲ, ನಮ್ಮಲ್ಲೂ. 28 ಜಾಸ್ತಿಯಾಯಿತು, ಕೆಲಸ ಸಾಗುವುದಿಲ್ಲ ಎಂಬ ದೂರುಗಳೂ ಅಲ್ಲಿ ಬಂದವು. ಗಾಳಿ ಆಡದ ಕೋಣೆಯಲ್ಲಿ ಅಂಕಿಯನ್ನು ಮಾತ್ರ ಏರಿಸಿದರೆ ದೂರು ಬರದೆ ಇರುತ್ತದೆಯೇ?

ನಮ್ಮ ದೇಶದ ಸಂಶೋಧಕರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಶರ್ಮಾ ಮತ್ತು ಅಲಿ 1986ರಲ್ಲೇ 'ಉಷ್ಣವಲಯದ ಬೇಸಿಗೆ ಸೂಚ್ಯಂಕ' ಕೊಟ್ಟರು. ಅದರಲ್ಲಿ ನಮ್ಮವರಿಗೆ ಹಿತವೆನಿಸುವ ವ್ಯಾಪ್ತಿ 25ರಿಂದ 30 ಡಿಗ್ರಿ. ಮಾಧವಿ ಇಂದ್ರಗಂಟಿ ಅವರು ಚೆನ್ನೈ ಮತ್ತು ಹೈದರಾಬಾದಿನ ಕಚೇರಿಗಳಲ್ಲಿ ಜನರನ್ನೇ ಕೇಳಿ ನೋಡಿದಾಗ, ಏಸಿ ಇದ್ದ ಕಡೆಯೂ ಅವರಿಗೆ ಹಿತವಾದದ್ದು 26ರ ಮೇಲಿನ ಉಷ್ಣತೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೇರೆಬೇರೆ ಹವಾಮಾನದ ನಗರಗಳ ಕಚೇರಿಗಳಲ್ಲಿ ಕೇಳಿ 2014ರ ಹೊತ್ತಿಗೆ ಭಾರತಕ್ಕೆಂದೇ ಒಂದು ಮಾದರಿ ರೂಪಿಸಿದರು. ಹೊರಗಿನ ಋತು ಏರಿಳಿದಂತೆ ಒಳಗಿನ ಹಿತದ ಅಂಕಿಯೂ ಏರಿಳಿಯುತ್ತದೆ ಎನ್ನುವುದು ಅದರ ತಿರುಳು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದಕ್ಕೆ ಜಾಗವೂ ಸಿಕ್ಕಿತು. ಡಿಸೆಂಬರಿಗೂ ಏಪ್ರಿಲಿಗೂ ಒಂದೇ ಅಂಕಿ ಇಟ್ಟು ಕೂರುವುದು ಮೈಯ ನಡೆಗೆ ವಿರುದ್ಧ. ನಮ್ಮ ಅಜ್ಜಿಯಂದಿರು ಬೇಸಿಗೆಗೆ ರಾಗಿ ಅಂಬಲಿ, ಚಳಿಗೆ ಹುರುಳಿ ಸಾರು ಎಂದು ಅಡುಗೆಯನ್ನೇ ಬದಲಿಸಿಕೊಂಡವರು. ಈ ಮಾತು ಅವರಿಗೆ ಹೊಸದೆನಿಸುತ್ತಿರಲಿಲ್ಲ.

ಫ್ಯಾನಿನ ಬಗ್ಗೆ ನಿಂತು ಹೇಳಬೇಕು. ನಮ್ಮ ಕಚೇರಿಯ ಒಳಾಂಗಣ ಮಾಡಿದವರು ಫ್ಯಾನು ಇದ್ದರೆ ಚೆಂದ ಕೆಡುತ್ತದೆಂದು ಒಂದನ್ನೂ ಬಿಡದೆ ಕಳಚಿಸಿದ್ದರು. ಚರ್ಮದ ಮೇಲೆ ಗಾಳಿ ಹಾಯ್ದರೆ ಬೆವರು ಆರುತ್ತದೆ, ಬೆವರು ಆರಿದರೆ ಮೈ ಬಿಸಿ ಕಳೆದುಕೊಳ್ಳುತ್ತದೆ. ಕೋಣೆಯ ಉಷ್ಣತೆ ಅಷ್ಟೇ ಇದ್ದರೂ ಎರಡು ಮೂರು ಡಿಗ್ರಿ ಇಳಿದಂತೆ ಅನ್ನಿಸುತ್ತದೆ. ಒಂದೂವರೆ ಟನ್ನಿನ ಏಸಿ ಓಡುವಾಗ ಸುಮಾರು 1,500 ವಾಟ್ ಎಳೆಯುತ್ತದೆ. ಹಳೆಯ ಸೀಲಿಂಗ್ ಫ್ಯಾನು 75 ವಾಟ್. ಈಗಿನ ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸು. ಒಂದು ಏಸಿಯ ಕರೆಂಟಿನಲ್ಲಿ ಅಂಥ ಐವತ್ತು ಫ್ಯಾನು ತಿರುಗುತ್ತವೆ. ಏಸಿ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಏಸಿಯನ್ನು 26ಕ್ಕೆ ಏರಿಸಿ ಮೇಲೆ ನಿಧಾನವಾಗಿ ಫ್ಯಾನು ತಿರುಗಿಸಿದರೆ ತಂಪು ಸಮನಾಗಿ ಹರಡುತ್ತದೆ, ಮೂಲೆಯ ಸೆಕೆಯೂ ಏಸಿಯ ಕೆಳಗಿನ ನಡುಕವೂ ತಗ್ಗುತ್ತವೆ. ಫ್ಯಾನಿನ ರೆಗ್ಯುಲೇಟರ್ ಕೈಗೆ ಸಿಗುವ ಹಾಗಿರುವುದು ಇನ್ನೂ ಮುಖ್ಯ. ತನ್ನ ಗಾಳಿಯನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳಬಲ್ಲವರು ಹೆಚ್ಚು ಸೈರಿಸುತ್ತಾರೆ ಎನ್ನುವುದನ್ನು ಈ ವಿಷಯದ ಸಂಶೋಧಕರು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ.

ಇದೆಲ್ಲ ಇರುವ ಕಟ್ಟಡದೊಳಗಿನ ಮಾತಾಯಿತು. ಕಟ್ಟುವಾಗಲೇ ಯೋಚಿಸಿದರೆ ಏನಾಗುತ್ತದೆಂದು ನೋಡಬೇಕಾದರೆ ಬೆಂಗಳೂರಿನ ದೊಮ್ಮಲೂರಿಗೆ ಹೋಗಬೇಕು. ಇಂಧನ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ಅಲ್ಲಿನ ಕಚೇರಿಯನ್ನು ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದರು. ನಿವೇಶನ ನೋಡಿದರೆ ಯಾರಿಗಾದರೂ ಬೇಡವೆನಿಸಬೇಕು: ಉದ್ದನೆಯ ಇಕ್ಕಟ್ಟು ಜಾಗ, ಪಕ್ಕದಲ್ಲೇ ತೆರೆದ ಚರಂಡಿ. ಗಾಳಿ ಬೀಸುವುದೇ ಚರಂಡಿಯ ನಾತವನ್ನು ಹೊತ್ತುಕೊಂಡು ದಕ್ಷಿಣದಿಂದ. ಕಿಟಕಿ ಗಾಜಿನಿಂದ ಮುಚ್ಚಿ ಏಸಿ ಹಾಕಿ ಎಂದು ಹೇಳಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಅವರು ಹಾಗೆ ಮಾಡಲಿಲ್ಲ. ದಕ್ಷಿಣಕ್ಕೆ ಕಿಟಕಿಯಿಲ್ಲದ ಜೋಡಿ ಗೋಡೆ ಎಬ್ಬಿಸಿ ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ಎರಡು ಗೋಡೆಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ, ಅದರ ಜಾಗ ತುಂಬಲು ಉತ್ತರದ ಕಿಟಕಿಗಳಿಂದ ಒಳ್ಳೆಯ ಗಾಳಿ ಕಚೇರಿಯೊಳಗೆ ಹಾಯ್ದು ಬರುತ್ತದೆ. ಹಳೆಯ ಅಡುಗೆಮನೆಯ ಹೊಗೆಗೂಡು ಹೊಗೆ ಎಳೆಯುತ್ತಿದ್ದ ರೀತಿಯೇ ಇದು. ಬಿಸಿಲು ಹೆಚ್ಚಿದಷ್ಟೂ ಎಳೆತವೂ ಹೆಚ್ಚು! ಯಾವ ಬಿಸಿಲನ್ನು ಹೊರಗಟ್ಟಲು ನಾವು ಕರೆಂಟು ಸುಡುತ್ತೇವೋ ಅದೇ ಬಿಸಿಲಿನ ಕೈಯಲ್ಲಿ ಅಲ್ಲಿ ಬೀಸಣಿಗೆ ಬೀಸಿಸಿದ್ದಾರೆ. ಛಾವಣಿಯ ಮೇಲೆ ಮಣ್ಣು ಹುಲ್ಲು, ಮೇಲಿನಿಂದ ಬೆಳಕಿಂಡಿ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಬಿ.ವಿ. ದೋಶಿ ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಚಪ್ಪರ, ತೆರೆದ ಪಡಸಾಲೆಗಳಲ್ಲಿ ಮಾಡಿದ್ದೂ ಇದೇ ಬಗೆಯ ಕೆಲಸ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇಂಥ ಕಟ್ಟಡ ಸಾಧ್ಯವಾಗುವುದಕ್ಕೆ ಒಂದು ಕಾರಣ ರಾತ್ರಿಯ ತಂಪು. 2016ರ ಏಪ್ರಿಲ್ಲಿನಲ್ಲಿ 39.2 ಡಿಗ್ರಿ ಮುಟ್ಟಿದ ಊರಾದರೂ ಬೇಸಿಗೆಯ ರಾತ್ರಿಗಳು ಸಾಮಾನ್ಯವಾಗಿ 22ರ ಆಸುಪಾಸಿಗೆ ಇಳಿಯುತ್ತವೆ. ಸಂಜೆ ಬೀಗ ಹಾಕಿ ಹೋಗುವ ಕಚೇರಿ ಹಗಲಿನ ಬಿಸಿಯನ್ನು ಗೋಡೆಯಲ್ಲೇ ಇಟ್ಟುಕೊಂಡು ಬೆಳಗಿನವರೆಗೂ ಕುದಿಯುತ್ತದೆ. ಬೆಳಿಗ್ಗೆ ಏಸಿಯ ಮೊದಲ ಗಂಟೆ ನಿನ್ನೆಯ ಬಿಸಿಲನ್ನು ಹೊರಹಾಕುವುದರಲ್ಲೇ ಕಳೆಯುತ್ತದೆ. ಜಾಲರಿ ಹಾಕಿದ ಗವಾಕ್ಷಿಗಳನ್ನು ರಾತ್ರಿ ತೆರೆದಿಟ್ಟರೆ ಆ ಕೆಲಸ ಬಿಟ್ಟಿಯಾಗಿ ಆಗುತ್ತದೆ.

ಆದರೆ ಬೆಂಗಳೂರಿನ ಮಾತನ್ನು ಇಡೀ ಕರ್ನಾಟಕಕ್ಕೆ ಹೇರಬಾರದು. ಮಂಗಳೂರಿನಲ್ಲಿ ಗಾಳಿಯೇ ನೀರು ಕುಡಿದಿರುತ್ತದೆ, ಬೆವರು ಆರುವುದಿಲ್ಲ. ಅಲ್ಲಿ 28 ಡಿಗ್ರಿ ಎಂದರೆ ಸೆಕೆಯೇ. ಕೂಲರ್ ಇಟ್ಟರೆ ತೇವ ಇನ್ನೂ ಏರಿ ಹಿಂಸೆಯಾಗುತ್ತದೆ. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ ಅದೇ ಕೂಲರ್ ಅಮೃತ. ಅಲ್ಲಿ ಮಧ್ಯಾಹ್ನ ಕಿಟಕಿ ತೆರೆಯುವುದು ಒಲೆಯ ಬಾಗಿಲು ತೆರೆದಂತೆ. ದಪ್ಪ ಗೋಡೆಯ ಮಾಳಿಗೆ ಮನೆಗಳಲ್ಲಿ ಬೆಳಿಗ್ಗೆಯೇ ಕದ ಮುಚ್ಚಿ, ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಎಲ್ಲ ಊರಿಗೂ ಒಂದೇ ಗಾಜಿನ ಡಬ್ಬಿ ಕಟ್ಟುವುದು ನನಗೆ ಅರ್ಥವಾಗದ ಸಂಗತಿ.

ದೊಡ್ಡ ಕಂಪನಿಗಳಿಗೆ ಇದೆಲ್ಲ ಆಗದ ಮಾತು ಎನ್ನುವವರಿಗೆ ಇನ್ಫೊಸಿಸ್ ಹೈದರಾಬಾದಿನಲ್ಲಿ ಮಾಡಿದ ಪ್ರಯೋಗ ಹೇಳುತ್ತೇನೆ. 2011ರಲ್ಲಿ ಅಲ್ಲಿ ಕಟ್ಟಿದ ಕಟ್ಟಡವೊಂದರ ಅರ್ಧಕ್ಕೆ ಮಾಮೂಲಿ ರೀತಿಯ, ಆದರೆ ಒಳ್ಳೆಯ ದರ್ಜೆಯ ಏಸಿ; ಇನ್ನರ್ಧಕ್ಕೆ ಛಾವಣಿಯ ಕಾಂಕ್ರೀಟಿನೊಳಗೆ ತಣ್ಣೀರಿನ ಕೊಳವೆಗಳು. ಒಂದೇ ಬಿಸಿಲು, ಒಂದೇ ರೀತಿಯ ಕೆಲಸ. ಕೊಳವೆಯ ಪಾಲು ಸುಮಾರು ಮೂರನೇ ಒಂದರಷ್ಟು ಕಡಿಮೆ ಕರೆಂಟ್ ತೆಗೆದುಕೊಂಡಿತು. ಬಿಸಿ ಹೊರುವುದರಲ್ಲಿ ಗಾಳಿಗಿಂತ ನೀರಿಗೆ ಸಾವಿರಾರು ಪಟ್ಟು ಕಸುವು, ಅದಕ್ಕೇ. ತಲೆಯ ಮೇಲಿನ ಛಾವಣಿ ತಂಪಾಗಿದ್ದರೆ ಮೈಯ ಬಿಸಿ ತಾನಾಗಿ ಅತ್ತ ಹೋಗುತ್ತದೆ. ಮುಖಕ್ಕೆ ರಾಚುವ ಗಾಳಿ ಬೇಕಿಲ್ಲ. ಉಸಿರಾಟಕ್ಕೆ ಹೊಸ ಗಾಳಿಯನ್ನು ಬೇರೆಯಾಗಿ ಕೊಡುತ್ತಾರೆ.

ಆ ಹೊಸ ಗಾಳಿಯ ಮಾತು ಸಣ್ಣ ಕಚೇರಿಗಳಲ್ಲಿ ಪೂರ್ತಿ ಮರೆತೇ ಹೋಗಿದೆ. ಸ್ಪ್ಲಿಟ್ ಏಸಿ ಹೊರಗಿನಿಂದ ಗಾಳಿ ತರುತ್ತದೆಂದು ನಾನೂ ನಂಬಿದ್ದೆ. ಅದು ಒಳಗಿನ ಗಾಳಿಯನ್ನೇ ತಿರುಗಿ ತಿರುಗಿ ತಂಪು ಮಾಡುತ್ತದೆ, ಅಷ್ಟೇ. ಬಾಗಿಲು ಹಾಕಿದ ಮೀಟಿಂಗ್ ರೂಮಿನಲ್ಲಿ ಹತ್ತು ಜನ ಒಂದು ಗಂಟೆ ಕೂತರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಯ ಎರಡು ಮೂರು ಪಟ್ಟು ಏರುವುದು ಸಹಜ. ತಲೆ ಭಾರ, ತೂಕಡಿಕೆ. ಊಟದ ಮೇಲಿನ ಮೀಟಿಂಗಿನ ಆಕಳಿಕೆಗೆ ಅನ್ನ ಸಾರನ್ನು ಬೈಯುತ್ತ ಬಂದೆವು. ಪಾಪ, ಅದರ ತಪ್ಪು ಅರ್ಧವೂ ಇರಲಿಕ್ಕಿಲ್ಲ. ಬಿಲ್ಲು ಉಳಿಸುವ ಹುಮ್ಮಸ್ಸಿನಲ್ಲಿ ಸಂದುಗೊಂದು ಮುಚ್ಚಿ ಗಾಳಿಯನ್ನೇ ಕಟ್ಟಿಹಾಕುವುದು ಉಳಿತಾಯವಲ್ಲ.

ನಮ್ಮಲ್ಲಿ ಕೊನೆಗೆ ಏನು ಮಾಡಿದೆವು? ಪಶ್ಚಿಮದ ಗಾಜಿಗೆ ಹೊರಗಿನಿಂದ ಬಿದಿರಿನ ತಡಿಕೆ ಕಟ್ಟಿಸಿದೆವು. ಒಳಗಿನ ಪರದೆ ಬಿಸಿಲು ಗಾಜು ದಾಟಿ ಬಂದ ಮೇಲೆ ತಡೆಯುತ್ತದೆ, ಆಗ ಬಿಸಿ ಕೋಣೆಯೊಳಗೇ ಉಳಿಯುತ್ತದೆ; ಹೊರಗಿನ ತಡಿಕೆ ಬರುವ ಮೊದಲೇ ತಡೆಯುತ್ತದೆ. ಫ್ಯಾನುಗಳು ಮತ್ತೆ ಬಂದವು, ಏಸಿ 26ಕ್ಕೆ ಏರಿತು. ಒಮ್ಮೆಗೇ ಅಲ್ಲ, ವಾರಕ್ಕೊಂದು ಡಿಗ್ರಿಯಂತೆ, ಪ್ರತಿ ಶುಕ್ರವಾರ ಎಲ್ಲರನ್ನೂ ಕೇಳಿಕೊಂಡು. ಟ್ಯೂಬ್‌ಲೈಟಿನ ಜಾಗಕ್ಕೆ ಎಲ್‌ಇಡಿ ಬಂತು. ದೀಪದ ಒಂದೊಂದು ವಾಟನ್ನೂ ಏಸಿ ಮತ್ತೆ ಹೊರಹಾಕಬೇಕಾದ್ದರಿಂದ ಅದರಲ್ಲಿ ಉಳಿತಾಯ ಎರಡು ಸಲ. ಧೂಳು ಕಟ್ಟಿದ ಏಸಿ ಫಿಲ್ಟರುಗಳನ್ನು ಹೌಸ್‌ಕೀಪಿಂಗ್ ಅಕ್ಕ ತಿಂಗಳಿಗೆರಡು ಸಲ ತೊಳೆಯತೊಡಗಿದರು. ದೊಡ್ಡ ಸಂಪರ್ಕದವರಿಗೆ ಯೂನಿಟ್ಟಿನ ದರದ ಜೊತೆ ತಿಂಗಳ ಗರಿಷ್ಠ ಬೇಡಿಕೆಗೂ ಶುಲ್ಕ ಬೀಳುತ್ತದೆ. ಒಂಬತ್ತೂವರೆಗೆ ಎಲ್ಲ ಏಸಿಯನ್ನೂ ಒಟ್ಟಿಗೆ ಹಾಕಿದರೆ ಆ ಕೆಲವೇ ನಿಮಿಷಗಳ ಎಳೆತ ಇಡೀ ತಿಂಗಳ ಬಿಲ್ಲಿನಲ್ಲಿ ಕೂರುತ್ತದೆ. ಅದಕ್ಕೆ ಹತ್ತು ನಿಮಿಷದ ಅಂತರದಲ್ಲಿ ಒಂದೊಂದಾಗಿ ಹಾಕುವ ರೂಢಿ ಮಾಡಿದೆವು. ಬಿಲ್ಲು ಇಳಿಯಿತು. ಕಿಟಕಿ ತೆರೆದರೆ ಧೂಳು, ಹಾರ್ನು, ಸೊಳ್ಳೆ ಎಂಬ ದೂರು ಮಾತ್ರ ಉಳಿದಿದೆ. ಜಾಲರಿಯಿಂದ ಸೊಳ್ಳೆಗೆ ಪರಿಹಾರ ಸಿಕ್ಕಿತು, ಹಾರ್ನಿಗೆ ಇನ್ನೂ ಇಲ್ಲ.

ಎಲ್ಲ ಮುಗಿದ ಮೇಲೆ ಒಂದು ಥರ್ಮಾಮೀಟರ್ ಮಿಕ್ಕಿತ್ತು. ಹಿಡಿದುಕೊಂಡು ಗೇಟಿನ ಹತ್ತಿರ ಹೋದೆ. ಅಲ್ಲಿ ನಮ್ಮ ವಾಚ್‌ಮನ್ ತಾತನ ತಗಡಿನ ಗೂಡು, ಪಶ್ಚಿಮಕ್ಕೆ ಮುಖ. ಅದರ ಬೆನ್ನಿಗೇ ನಮ್ಮ ಏಸಿಗಳ ಹೊರ ಯಂತ್ರಗಳು ಸಾಲಾಗಿ ಕೂತು, ನಮ್ಮ ಹಾಲಿನಿಂದ ತೆಗೆದ ಬಿಸಿಯನ್ನೆಲ್ಲ ಅವರ ಮೇಲೆ ಊದುತ್ತಿದ್ದವು. ಇಷ್ಟು ದಿನ ಎಲ್ಲರನ್ನೂ ಕೇಳಿದೆನೆಂದು ತಿಳಿದಿದ್ದ ನಾನು ಅವರನ್ನು ಕೇಳಿರಲಿಲ್ಲ. ಥರ್ಮಾಮೀಟರ್ ತೂಗುಹಾಕುವ ಅಗತ್ಯವೂ ಕಾಣಲಿಲ್ಲ.

ಹತ್ತು ಹೆಜ್ಜೆ ಆಚೆ ಒಂದು ಹೊಂಗೆ ಮರವಿದೆ. ವೆಲ್ಡಿಂಗಿನವನನ್ನು ಕರೆಸಿ ಗೂಡನ್ನು ಅದರ ನೆರಳಿಗೆ ಸರಿಸಿ, ಮೇಲೆ ಸುಣ್ಣ ಬಳಿಸಿದೆವು. ಎರಡು ದಿನದ ಕೆಲಸ. ಕರೆಂಟ್ ಬಿಲ್ಲಿನಲ್ಲಿ ಅದರಿಂದ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಮುಂದಿನ ವಾರ ತಾತ ನನ್ನನ್ನು ತಡೆದು ನಿಲ್ಲಿಸಿ ಹೇಳಿದರು: "ಈಗ ಮಧ್ಯಾಹ್ನ ಊಟ ಸೇರ್ತದೆ ಕಣಮ್ಮ."